ಹನ್ನೊಂದು ಜನರ ಮನೆಗೆ ಕೊಂಡು ತಂದ ರೊಟ್ಟಿ: ಧಾರವಾಡದ ಒಂದು ರೊಟ್ಟಿ ಕೇಂದ್ರದ ಬಗ್ಗೆ

ಧಾರವಾಡದ ಹಳೆಯ ಓಣಿಯೊಂದರಲ್ಲಿ, ಎರಡು ಹೆಂಚಿನ ಮನೆಗಳ ನಡುವಿನ ಸಂದಿಯನ್ನು ಹೊಕ್ಕು ಹಿತ್ತಲಿಗೆ ಹೋದರೆ ಸಿಗುವ ರೊಟ್ಟಿ ಕೇಂದ್ರವೊಂದರಿಂದ ಈ ಬೇಸಿಗೆಯಲ್ಲಿ ನಾವು ಸುಮಾರು 11,000 ರೂಪಾಯಿಯ ಜೋಳದ ರೊಟ್ಟಿಯನ್ನು ಕೊಂಡು ತಿಂದೆವು. ಇಷ್ಟು ರೊಟ್ಟಿ ತಿಂದ ಮೇಲೆ ಅದರ ಗುಣದೋಷಗಳನ್ನು ಬರೆದಿಡುವ ಹಕ್ಕು ಬಂದಿದೆ ಎಂದುಕೊಂಡಿದ್ದೇನೆ. ಕೇಂದ್ರಕ್ಕೆ ಹೆಸರೂ ಇಲ್ಲ, ಫಲಕವೂ ಇಲ್ಲ. ಗೋಡೆಯ ಮೇಲೆ ಸುಣ್ಣದಲ್ಲಿ ‘ಖಡಕ್ ರೊಟ್ಟಿ ಸಿಗುತ್ತವೆ’ ಎಂದು ಬರೆದದ್ದೊಂದೇ ಗುರುತು. ಹುಬ್ಬಳ್ಳಿ, ಗದಗ, ಬಾಗಲಕೋಟೆ, ವಿಜಯಪುರಗಳ ಓಣಿಗಳಲ್ಲಿಯೂ ಹೀಗೆಯೇ ಮನೆಯ ಹಿತ್ತಲಲ್ಲಿ ನಡೆಯುವ ಕೇಂದ್ರಗಳಿರುವುದರಿಂದ, ಇಲ್ಲಿಯ ಕೆಲವು ಮಾತು ಅವುಗಳಿಗೂ ಹೊಂದೀತು.

ಕೊಳ್ಳಬೇಕಾಗಿ ಬಂದದ್ದು ಏಕೆಂಬುದನ್ನು ಮೊದಲು ಹೇಳಬೇಕು. ಏಪ್ರಿಲ್ 12ರಿಂದ ಮೇ 16ರವರೆಗೆ, ಒಟ್ಟು 35 ದಿನ, ನಾನು ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿನಿಂದ ಬಂದು ತವರುಮನೆಯಲ್ಲಿದ್ದೆ. ಪುಣೆಯಿಂದ ತಂಗಿಯೂ ಅವಳ ಮಗನೂ ಅದೇ ವಾರ ಬಂದಿಳಿದರು. ಮನೆಯಲ್ಲಿ ಮೊದಲೇ ಅವ್ವ, ಅಣ್ಣ, ಅತ್ತಿಗೆ, ಅವರ ಇಬ್ಬರು ಮಕ್ಕಳು ಇದ್ದಾರೆ. ನನ್ನ ಗಂಡ ಬಂದ ದಿನಗಳಲ್ಲಿ ಪಂಕ್ತಿಗೆ ಹನ್ನೊಂದು ಜನ. ಮಧ್ಯಾಹ್ನಕ್ಕೆ 25 ರೊಟ್ಟಿ, ರಾತ್ರಿಗೆ 15 ಎಂದು ಹಿಡಿದರೂ ದಿನಕ್ಕೆ 40 ಆಯಿತು. ಉಂಡಿ ಕಟ್ಟಿ, ಬಡಿದು, ಹಂಚಿಗೆ ಹಾಕಿ, ನೀರು ಸವರಿ, ತಿರುವಿ, ಉಬ್ಬಿಸಿ ಬುಟ್ಟಿಗೆ ಒಗೆಯಲು ಕೈ ಪಳಗಿದವರಿಗೂ ಒಂದಕ್ಕೆ ಎರಡು ನಿಮಿಷ ಬೇಕು. ಅಂದರೆ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ, ಒಲೆಯ ಮುಂದೆ, ದಿನಕ್ಕೆ ಎಂಬತ್ತು ನಿಮಿಷ. ಪಲ್ಯ, ಸಾರು, ಅನ್ನದ ಲೆಕ್ಕ ಬೇರೆ. ತವರಿಗೆ ಹೋಗುವುದೆಂದರೆ ವಿಶ್ರಾಂತಿಗೆ ಹೋಗುವುದು ಎಂಬ ಮಾತನ್ನು ನಾನು ಹದಿನೈದು ವರ್ಷಗಳಿಂದ ಹೇಳುತ್ತಲೇ ಬಂದಿದ್ದೇನೆ; ನನ್ನ ವಿಶ್ರಾಂತಿ ಯಾರ ರಟ್ಟೆಯಿಂದ ಬರುತ್ತದೆ ಎಂದು ಲೆಕ್ಕ ಹಾಕಿದ್ದು ಈ ಸಲವೇ. ಬಂದ ಮೂರನೆಯ ದಿನ ಅತ್ತಿಗೆ ಪರಾತದ ಮುಂದೆ ಕುಳಿತು, ಬಲಗೈ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು ಹಿಟ್ಟು ನಾದುತ್ತಿದ್ದುದನ್ನು ನೋಡದೆ ಇದ್ದಿದ್ದರೆ ಈ ಸಲವೂ ಹಾಕುತ್ತಿರಲಿಲ್ಲವೇನೋ.

ನಾನೂ ತಂಗಿಯೂ ರೊಟ್ಟಿ ಬಡಿಯುವುದಕ್ಕೆ ಕುಳಿತುಕೊಳ್ಳಬಾರದೇ ಎಂದು ಕೇಳುವವರಿದ್ದಾರೆ. ಕುಳಿತೆವು. ನನ್ನ ರೊಟ್ಟಿ ಅಂಚಿನಲ್ಲಿ ಬಿರಿದು ಭೂಪಟವಾಯಿತು, ತಂಗಿಯದು ಎತ್ತುವಾಗಲೇ ಎರಡು ತುಂಡಾಯಿತು, ಆ ಮಧ್ಯಾಹ್ನ ಊಟಕ್ಕೆ ಎರಡೂವರೆ ಗಂಟೆ ಹೊಡೆಯಿತು. ಕೊಂಡು ತರುವ ಮಾತನ್ನು ಎತ್ತಿದಾಗ ಅವ್ವ, “ನಮ್ಮನಿಯಾಗ ಕೊಂಡ ರೊಟ್ಟಿ ತಿನ್ನೂದಾತೇನ?” ಎಂದು ಒಮ್ಮೆ ಕೇಳಿ ಸುಮ್ಮನಾದಳು. ಹೆಚ್ಚು ನೊಂದುಕೊಂಡವಳು ಅತ್ತಿಗೆ. ತನ್ನ ರೊಟ್ಟಿಯಲ್ಲಿ ಏನು ಕಡಿಮೆಯಾಯಿತು ಎಂದು ಅವಳು ನೇರವಾಗಿ ಕೇಳಲಿಲ್ಲ. ಅಂದು ಸಂಜೆ ಎಂದಿಗಿಂತ ತೆಳ್ಳಗೆ, ಎಂದಿಗಿಂತ ಅಗಲವಾಗಿ ಇಪ್ಪತ್ತು ರೊಟ್ಟಿ ಬಡಿದು ತೋರಿಸಿದಳು. ಹಣ ಕೊಡುವವಳು ನಾನು ಎಂಬ ಕಾರಣಕ್ಕೆ ಅಣ್ಣನೂ ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದ. ನೆಂಟರ ಮನೆಯಲ್ಲಿ ತಿಂಗಳುಗಟ್ಟಲೆ ಉಳಿಯುವವರು ಇಂಥ ಏರ್ಪಾಡು ಮಾಡುವ ಮುನ್ನ ಮನೆಯವರೊಂದಿಗೆ ಮಾತಾಡಿಕೊಳ್ಳುವುದು ಒಳ್ಳೆಯದು ಎಂಬುದನ್ನು ನಾನು ತಡವಾಗಿ ಕಲಿತೆ.

ಇನ್ನು ರೊಟ್ಟಿಯ ವಿಚಾರ. ಕೇಂದ್ರದಲ್ಲಿ ಎರಡು ಬಗೆ ಸಿಗುತ್ತದೆ: ಅಂದಂದೇ ತಿನ್ನುವ ಮೆತ್ತನೆಯ ಬಿಸಿ ರೊಟ್ಟಿ ಒಂದಕ್ಕೆ 10 ರೂಪಾಯಿ, ಒಣಗಿಸಿದ ತೆಳ್ಳನೆಯ ಖಡಕ್ ರೊಟ್ಟಿ ಒಂದಕ್ಕೆ 8 ರೂಪಾಯಿ. ಮನೆಯ ತಕ್ಕಡಿಯಲ್ಲಿ ತೂಗಿ ನೋಡಿದೆ. ಬಿಸಿ ರೊಟ್ಟಿ 90ರಿಂದ 100 ಗ್ರಾಂ, ಖಡಕ್ ರೊಟ್ಟಿ 40ರಿಂದ 45 ಗ್ರಾಂ ಬಂತು. ಬಿಸಿ ರೊಟ್ಟಿಯ ಅಗಲ ಅತ್ತಿಗೆಯ ರೊಟ್ಟಿಗಿಂತ ಒಂದು ಬೆರಳು ಕಡಿಮೆ, ದಪ್ಪ ಒಂದು ಕೂದಲೆಳೆ ಹೆಚ್ಚು. ಅಂಚು ಸೀಳಿಲ್ಲ. ಮಡಚಿದರೆ ಮುರಿಯುವುದಿಲ್ಲ. ಮೇಲಿನ ಪದರ ಉಬ್ಬಿ ಬಿಟ್ಟುಕೊಂಡಿರುತ್ತದೆ. ಅದನ್ನು ಬಿಡಿಸಿ ಒಳಗೆ ಒಂದು ಚಮಚ ತುಪ್ಪ ಸವರಲು ಬರುತ್ತದೆ. ಉಪ್ಪು ಹಾಕುವುದಿಲ್ಲ, ಹಾಕಬಾರದು ಕೂಡ. ಎಲ್ಲಕ್ಕಿಂತ ಮುಖ್ಯವಾಗಿ ಹಿಟ್ಟಿನಲ್ಲಿ ಕಮಟು ವಾಸನೆ ಇಲ್ಲ. ಅವ್ವ ಮೊದಲ ದಿನ ಬುಟ್ಟಿಯ ಬಟ್ಟೆ ಸರಿಸಿ, ಒಂದು ರೊಟ್ಟಿಯನ್ನು ಮುರಿದು ಮೂಗಿನ ಬಳಿ ಹಿಡಿದು, ಮತ್ತೆ ಬುಟ್ಟಿಗೆ ಇಟ್ಟಳು. ಅವಳು ಏನೂ ಹೇಳದಿದ್ದುದನ್ನೇ ನಾವು ಒಪ್ಪಿಗೆ ಎಂದುಕೊಂಡೆವು.

ಕಮಟಿನ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಕೊಂಡ ರೊಟ್ಟಿಗಳು ಸೋಲುವುದು ಹೆಚ್ಚಾಗಿ ಇಲ್ಲಿಯೇ. ಜೋಳದಲ್ಲಿ ಎಣ್ಣೆಯ ಅಂಶವಿದೆ. ಕಾಳಾಗಿರುವವರೆಗೆ ಅದು ಕೆಡುವುದಿಲ್ಲ, ಬೀಸಿದ ಮೇಲೆ ಗಾಳಿಗೆ ಬಿದ್ದು ಬೇಗ ಕೆಡುತ್ತದೆ, ಬೇಸಿಗೆಯಲ್ಲಂತೂ ಇನ್ನೂ ಬೇಗ. ಹಳೆಯ ಹಿಟ್ಟಿಗೆ ಕಹಿ ಬರುವುದಷ್ಟೇ ಅಲ್ಲ, ಜಿಗಿಯೂ ಹೋಗುತ್ತದೆ. ಗೋಧಿಯಲ್ಲಿರುವಂಥ ಗ್ಲುಟೆನ್ ಜೋಳದಲ್ಲಿ ಇಲ್ಲ. ಅದಕ್ಕಾಗಿಯೇ ಕುದಿಯುವ ಎಸರನ್ನು ಹಾಕಿ ಹಿಟ್ಟಿನ ಒಂದು ಭಾಗವನ್ನು ಅರೆಬೇಯಿಸಿ, ಆ ಬೆಂದ ಪಿಷ್ಟದ ಅಂಟಿನಿಂದ ಉಳಿದ ಹಿಟ್ಟನ್ನು ಹಿಡಿದು ನಿಲ್ಲಿಸಬೇಕಾಗುತ್ತದೆ. ಲಟ್ಟಣಿಗೆ ಬಿಟ್ಟು ಅಂಗೈಯಿಂದ ಬಡಿಯುವ ಪದ್ಧತಿ ಬಂದದ್ದೂ ಆ ಅಂಟು ಅಷ್ಟು ನಾಜೂಕಿನದು ಎಂಬುದಕ್ಕೇ. ಈ ಕೇಂದ್ರದವರು ಹಿಂದಿನ ರಾತ್ರಿ ಒಂಬತ್ತರೊಳಗೆ ಎಷ್ಟು ರೊಟ್ಟಿ ಬೇಕೆಂದು ಹೇಳಲೇಬೇಕು ಎಂದು ಹಟ ಹಿಡಿಯುತ್ತಾರೆ. ಮೊದಮೊದಲು ಅದು ನನಗೆ ಅನವಶ್ಯಕ ಬಿಗುಮಾನದಂತೆ ಕಂಡಿತು. ಬೆಳಿಗ್ಗೆ ಆರಕ್ಕೆ ಗಿರಣಿಗೆ ಎಷ್ಟು ಜೋಳ ಕಳಿಸಬೇಕು ಎಂಬುದು ಆ ಲೆಕ್ಕದ ಮೇಲೆ ನಿಂತಿದೆ, ಮರುದಿನಕ್ಕೆ ಹಿಟ್ಟು ಉಳಿಸುವುದಿಲ್ಲ ಎಂದು ಗೊತ್ತಾದ ಮೇಲೆ ಆ ಹಟದ ಮೇಲೆ ಗೌರವ ಬಂತು.

ಒಂದು ಬೆಳಿಗ್ಗೆ ಐವರು ಮಕ್ಕಳನ್ನೂ ಕರೆದುಕೊಂಡು ಅಲ್ಲಿಗೆ ಹೋದೆ. ತಗಡಿನ ಮಾಡಿನ ಕೆಳಗೆ ನಾಲ್ವರು ಹೆಣ್ಣುಮಕ್ಕಳು, ಎರಡು ಗ್ಯಾಸಿನ ಒಲೆ, ಒಂದು ಕಟ್ಟಿಗೆಯ ಒಲೆ. ಒಬ್ಬಾಕೆ ಎಸರು ಹೊಯ್ದು ನಾದುತ್ತಾಳೆ, ಇಬ್ಬರು ಬಡಿಯುತ್ತಾರೆ, ಇನ್ನೊಬ್ಬಾಕೆ ಹಂಚು ನೋಡಿಕೊಳ್ಳುತ್ತಾಳೆ. ಹಂಚಿಗೆ ಬಿದ್ದ ರೊಟ್ಟಿಯ ಮೇಲೆ ಒದ್ದೆ ಅರಿವೆಯನ್ನು ಒಂದೇ ಸುತ್ತಿಗೆ ಆಡಿಸುವ ಆಕೆಯ ಕೈಯನ್ನು ನನ್ನ ಮಗಳು ಬಹಳ ಹೊತ್ತು ನೋಡುತ್ತ ನಿಂತಳು. ಒಂದು ಕಿಲೋ ಹಿಟ್ಟಿಗೆ ಹದಿನಾರರ ಆಚೀಚೆ ಬಿಸಿ ರೊಟ್ಟಿ ಬರುತ್ತದೆ, ಖಡಕ್ ಆದರೆ ಇಪ್ಪತ್ತು ದಾಟುತ್ತದೆ ಎಂದು ಆಕೆ ಹೇಳಿದಳು. ನನ್ನ ತಕ್ಕಡಿಯ ಲೆಕ್ಕಕ್ಕೂ ಅದು ತಾಳೆಯಾಯಿತು. ಜೋಳ ವಿಜಯಪುರದ ಕಡೆಯ ಮಾಲದಂಡಿ. ಹಿಂಗಾರಿ ಬೆಳೆ, ಎರೆ ಭೂಮಿಯಲ್ಲಿ ಮಳೆಗಾಲದ ಕೊನೆಗೆ ಬಿತ್ತಿ, ನೆಲದಲ್ಲಿ ಉಳಿದ ತೇವದ ಮೇಲೆಯೇ ಬೆಳೆದು, ಫೆಬ್ರುವರಿ–ಮಾರ್ಚ್ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಹೀಗಾಗಿ ಬೇಸಿಗೆ ರಜೆಗೆ ಊರಿಗೆ ಬರುವವರ ತಟ್ಟೆಗೆ ಬೀಳುವುದು ಹೊಸ ಜೋಳದ ರೊಟ್ಟಿ. ಬಣ್ಣವೂ ಬಿಳುಪು, ಸಿಹಿಯೂ ಹೆಚ್ಚು. ನಮ್ಮ ಜಿಲ್ಲೆಯಲ್ಲಿಯೇ ನವಲಗುಂದ, ಅಣ್ಣಿಗೇರಿಯ ಎರೆ ಹೊಲಗಳಲ್ಲಿ ಒಳ್ಳೆಯ ಜೋಳ ಬೆಳೆಯುವಾಗ ವಿಜಯಪುರದ ಹೆಸರನ್ನೇ ಏಕೆ ಹೇಳುತ್ತಾರೋ ಎಂದು ದಾರಿಯಲ್ಲಿ ಅಣ್ಣನ ಮಗ ಗೊಣಗಿದ. ಅವನ ಅಜ್ಜಿಯ ತವರು ನವಲಗುಂದ.

ಮನೆಗೆ ಮುಟ್ಟಿಸುವ ವ್ಯವಸ್ಥೆ ಇಲ್ಲ. ಹನ್ನೆರಡೂಕಾಲಿಗೆ ನಾವೇ ಹೋಗಿ ತರಬೇಕು; ಆ ಕೆಲಸ ಅಣ್ಣನ ಮಗನ ಸೈಕಲ್ಲಿಗೆ ಬಿತ್ತು. ಮೊದಲ ಎರಡು ದಿನ ಅವರೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಟ್ಟರು. ಬಿಸಿ ರೊಟ್ಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಅದು ಬೆವರದೆ ಇನ್ನೇನು ಮಾಡೀತು? ಮನೆ ಮುಟ್ಟುವಷ್ಟರಲ್ಲಿ ಕೆಳಗಿನ ಐದು ರೊಟ್ಟಿ ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಮೂರನೆಯ ದಿನದಿಂದ ಅತ್ತಿಗೆ ತನ್ನ ಬಿದಿರಿನ ಬುಟ್ಟಿಯನ್ನೂ ಹಳೆಯ ಧೋತರದ ತುಣುಕನ್ನೂ ಕಳಿಸತೊಡಗಿದಳು, ಆ ತೊಂದರೆ ಅಲ್ಲಿಗೆ ಮುಗಿಯಿತು. ಹತ್ತರ ಕಟ್ಟಿನಲ್ಲಿ ಒಂಬತ್ತು ಬರುವುದು ಮಾತ್ರ ಮುಗಿಯಲಿಲ್ಲ. ನಾಲ್ಕು ಸಲ ಹೀಗಾಯಿತು. ಹೇಳಿದಾಗಲೆಲ್ಲ ತಕರಾರಿಲ್ಲದೆ ಮರುದಿನ ಒಂದು ಹೆಚ್ಚು ಕೊಟ್ಟರು. ಮೋಸವಲ್ಲ, ಅವಸರ. ಆದರೂ ಎಣಿಸಿಕೊಂಡು ಬರುವುದು ಕ್ಷೇಮ.

ನನಗೆ ನಿಜವಾಗಿ ಬೇಸರ ತಂದದ್ದು ರಾತ್ರಿಯ ರೊಟ್ಟಿ. ಸಂಜೆ ಏಳಕ್ಕೆ ‘ಬಿಸಿ ರೊಟ್ಟಿ’ ಎಂದು ಕೊಡುತ್ತಿದ್ದುದನ್ನು ನಾವು ಎರಡು ವಾರ ಹಾಗೆಯೇ ನಂಬಿ ತಿಂದೆವು. ಬಿಸಿಯೇನೋ ಇರುತ್ತಿತ್ತು. ಒಂದು ರಾತ್ರಿ ಅವ್ವ ರೊಟ್ಟಿ ಮುರಿದವಳು, ಬೆರಳುಗಳ ನಡುವೆ ಅದನ್ನು ಪುಡಿ ಮಾಡಿ, “ಇದು ಮುಂಜಾನಿದು, ಮತ್ತ ಹಂಚಿಗೆ ಹಾಕ್ಯಾರ” ಎಂದಳು. ಒಮ್ಮೆ ಬೆಂದು ಆರಿದ ಜೋಳದ ರೊಟ್ಟಿಯನ್ನು ಮತ್ತೆ ಕಾಯಿಸಿದರೆ ಮೇಲೆ ಬಿಸಿಯಾದರೂ ಒಳಗಿನ ಮೆತುವು ಮರಳುವುದಿಲ್ಲ, ಹಿಡಿದರೆ ಉದುರುತ್ತದೆ. ಮರುದಿನ ನಾನೇ ಹೋಗಿ ಕೇಳಿದೆ. ನಡೆಸುವಾಕೆ ಸುಳ್ಳು ಹೇಳಲಿಲ್ಲ. ಸಂಜೆಗೆ ಬಡಿಯುವವರು ಉಳಿಯುವುದಿಲ್ಲ, ಅವರಿಗೂ ಮನೆಯಲ್ಲಿ ರೊಟ್ಟಿ ಮಾಡುವುದಿರುತ್ತದೆ ಎಂದಳು. ಮಾತು ಒಪ್ಪತಕ್ಕದ್ದೇ. ಆದರೆ ತಂಗಳ ರೊಟ್ಟಿಯನ್ನು ತಂಗಳೆಂದು ಹೇಳಿ ಕೊಟ್ಟಿದ್ದರೆ ನಮ್ಮ ಮನೆಯಲ್ಲಿ ಅದಕ್ಕೆ ಬೇರೆಯೇ ಮರ್ಯಾದೆ ಇತ್ತು: ಮೊಸರಿನಲ್ಲಿ ನೆನೆಸಿ, ಹಸಿ ಉಳ್ಳಾಗಡ್ಡಿ ಕಡಿದುಕೊಂಡು ಉಂಡು ಏಳುತ್ತಿದ್ದೆವು. ಬಿಸಿ ರೊಟ್ಟಿಯ ಬೆಲೆಗೆ, ಬಿಸಿ ರೊಟ್ಟಿಯ ಹೆಸರಿನಲ್ಲಿ ಅದನ್ನು ಕೊಟ್ಟದ್ದು ತಪ್ಪು. ಅರ್ಧ ಬೆಲೆಗೆ ಕೊಡುತ್ತೇನೆಂದು ಆಕೆ ಮುಂದಾದಳು. ಅಂದಿನಿಂದ ನಾವು ರಾತ್ರಿಗೆ ಖಡಕ್ ರೊಟ್ಟಿಗೆ ಬದಲಾದೆವು.

ಆ ಬದಲಾವಣೆಯಿಂದ, ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಂತಾಯಿತು. ಈ ಕೇಂದ್ರದ ನಿಜವಾದ ಕೈಗುಣ ಇರುವುದು ಖಡಕ್ ರೊಟ್ಟಿಯಲ್ಲಿ. ಹಂಚಿನ ಮೇಲೆ ಮುಕ್ಕಾಲು ಬೇಯಿಸಿ, ಆಮೇಲೆ ಒಲೆಯ ಸುತ್ತ ಓರೆಯಾಗಿ ನಿಲ್ಲಿಸಿ, ಸಣ್ಣ ಕಾವಿನಲ್ಲಿ ತೇವವೆಲ್ಲ ಹೋಗುವವರೆಗೆ ಒಣಗಿಸುತ್ತಾರೆ. ಇದಕ್ಕೆ ಅವರು ಬಳಸುವುದು ಆ ಕಟ್ಟಿಗೆಯ ಒಲೆಯನ್ನು ಮಾತ್ರ. ಅದರಿಂದ ಬರುವ ಸಣ್ಣ ಹೊಗೆಯ ವಾಸನೆ ರೊಟ್ಟಿಯಲ್ಲಿ ಉಳಿದಿರುತ್ತದೆ. ಎಲ್ಲ ಕಡೆಯೂ ಒಂದೇ ತೆಳುವು, ನಡುವೆ ಹಸಿ ಉಳಿದ ಮಚ್ಚೆ ಇಲ್ಲ, ಅಂಚಿನಲ್ಲಿ ಕರಿಕಿಲ್ಲ. ಮುರಿದರೆ ಹಪ್ಪಳದಂತೆ ಸದ್ದಾಗುತ್ತದೆ, ಆದರೆ ಹಪ್ಪಳದಂತೆ ಚೂರುಚೂರಾಗುವುದಿಲ್ಲ. ಒಂದು ತುಂಡಿನಲ್ಲಿ ಮಡಿಕೆ ಕಾಳಿನ ಪಲ್ಯವನ್ನು ಎತ್ತಿಕೊಳ್ಳುವಷ್ಟು ಗಟ್ಟಿ ಇರುತ್ತದೆ. ದಂಬಳದ ರೊಟ್ಟಿ ಜಾತ್ರೆಗೂ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೂ ಹಳ್ಳಿಹಳ್ಳಿಗಳ ಮನೆಗಳಿಂದ ಗಾಡಿಗಟ್ಟಲೆ ರೊಟ್ಟಿ ಹೋಗುವುದು ಸಾಧ್ಯವಾಗುವುದು ಹೀಗೆ ಒಣಗಿಸಿಟ್ಟದ್ದು ದಿನಗಟ್ಟಲೆ ಕೆಡದೆ ಉಳಿಯುವುದರಿಂದ. ನಮ್ಮಂಥ ತುಂಬಿದ ಮನೆಗೆ ಅದರ ಉಪಯೋಗ ಬೇರೆ ಬಗೆಯದು. ರಾತ್ರಿ ಯಾರು ಎಷ್ಟು ಹೊತ್ತಿಗೆ ಉಣ್ಣುತ್ತಾರೆ ಎಂಬ ನಿಯಮವಿಲ್ಲದ ರಜೆಯಲ್ಲಿ ಬುಟ್ಟಿಯೊಂದು ಪಡಸಾಲೆಯಲ್ಲಿ ಇದ್ದುಬಿಟ್ಟರೆ ಯಾರೂ ಯಾರಿಗಾಗಿಯೂ ಒಲೆ ಹಚ್ಚಬೇಕಾಗಿಲ್ಲ. ಮೇ ಮೊದಲ ವಾರದಲ್ಲಿ ಸಂಜೆಯ ಅಡ್ಡಮಳೆ ಹೊಡೆದು ಕರೆಂಟು ಹೋದ ಒಂದು ರಾತ್ರಿ, ಮೇಣದಬತ್ತಿಯ ಬೆಳಕಿನಲ್ಲಿ ಹತ್ತು ಜನ ಖಡಕ್ ರೊಟ್ಟಿ, ಕೆಂಪು ಮೆಣಸಿನಕಾಯಿಯ ರಂಜಕ, ಕೆನೆಮೊಸರು ಇಷ್ಟರಲ್ಲಿಯೇ ಊಟ ಮುಗಿಸಿದೆವು. ಮಳೆಯ ಗಾಳಿ ತಾಗಿದ ಮರುದಿನ ಬೆಳಿಗ್ಗೆ ಉಳಿದ ರೊಟ್ಟಿ ಮೆತ್ತಗಾಗಿದ್ದವು. ಅಡ್ಡಮಳೆಯ ದಿನಗಳಲ್ಲಿ ಅವನ್ನು ಬುಟ್ಟಿಯಲ್ಲಿ ಬಿಡದೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕಬೇಕು.

ಬಸವ ಜಯಂತಿಯ ದಿನ ಕೇಂದ್ರ ನಮ್ಮನ್ನು ಕೈಬಿಟ್ಟಿತು. ಅಂದೇ ಅಕ್ಷಯ ತದಿಗೆ, ಊರತುಂಬ ಮದುವೆ. ನಮ್ಮ 25 ರೊಟ್ಟಿಗೆ ಹಿಂದಿನ ರಾತ್ರಿಯೇ ಹೇಳಿದ್ದೆವು, ಅವರೂ ಆಗಲಿ ಎಂದಿದ್ದರು. ಹುಡುಗ ಹನ್ನೆರಡೂಕಾಲಿಗೆ ಹೋದವನು ಖಾಲಿ ಬುಟ್ಟಿ ತಂದ, ಒಂದೂವರೆಗೆ ಹೋಗಿ ಮತ್ತೆ ಖಾಲಿ ತಂದ, ಮೂರೂವರೆಗೆ ಹನ್ನೆರಡು ರೊಟ್ಟಿ ಸಿಕ್ಕಿತು. ಮದುವೆಯ ಮನೆಯ ದೊಡ್ಡ ಗಿರಾಕಿಯ ಮುಂದೆ ದಿನದ ಗಿರಾಕಿ ನಿಲ್ಲುವುದಿಲ್ಲ ಎಂಬುದು ವ್ಯಾಪಾರದಲ್ಲಿ ಹೊಸತಲ್ಲ. ಆದರೆ ಆಗುವುದಿಲ್ಲವೆಂದು ಮೊದಲೇ ಹೇಳಿದ್ದರೆ ಅನ್ನಕ್ಕೆ ಇನ್ನೆರಡು ಪಾವು ಅಕ್ಕಿ ಹೆಚ್ಚು ಹಾಕುತ್ತಿದ್ದೆವು. ಅಮಾವಾಸ್ಯೆಯ ದಿನ ಕೇಂದ್ರಕ್ಕೆ ರಜೆ, ಅದನ್ನು ಮಾತ್ರ ನೆನಪಿನಿಂದ ತಿಳಿಸಿದ್ದರು.

ಪಲ್ಯ, ಹಿಂಡಿ ಎಂದರೆ ಚಟ್ನಿಪುಡಿಗಳೂ ಅಲ್ಲಿ ಸಿಗುತ್ತವೆ. ಶೇಂಗಾ ಹಿಂಡಿ ಚೆನ್ನಾಗಿದೆ, ಗುರೆಳ್ಳ ಹಿಂಡಿ ಇನ್ನೂ ಚೆನ್ನಾಗಿದೆ, ಅಗಸಿ ಹಿಂಡಿಯನ್ನು ಹೊತ್ತಿಸಿರುತ್ತಾರೆ. ಎಣ್ಣೆಗಾಯಿಯಲ್ಲಿ ಬದನೆಕಾಯಿಗಿಂತ ಎಣ್ಣೆಯೇ ಮುಂದು. ಒಮ್ಮೆ ತಂದೆವು, ಸಾಕಾಯಿತು.

ತಿಂದವರ ಅಭಿಪ್ರಾಯ ಒಂದೇ ಆಗಿರಲಿಲ್ಲ. ನನ್ನ ಮಕ್ಕಳು ಬೆಂಗಳೂರಿನಲ್ಲಿ ವಾರಕ್ಕೊಮ್ಮೆಯೂ ಜೋಳದ ರೊಟ್ಟಿ ಮುಟ್ಟುವವರಲ್ಲ. ಮೊದಲ ವಾರ ಅನ್ನ-ಸಾರಿನಲ್ಲಿಯೇ ದಿನ ದೂಡಿದರು. ಅವರನ್ನು ದಾರಿಗೆ ತಂದದ್ದು ಮುಟಗಿ. ಬಿಸಿ ರೊಟ್ಟಿಯನ್ನು ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಉಪ್ಪಿನ ಜೊತೆ ಒರಳಿನಲ್ಲಿ ಕುಟ್ಟಿ, ಎಣ್ಣೆ ಹಾಕಿ, ಉಂಡಿ ಮಾಡಿ ಅವ್ವ ಕೈಗಿಟ್ಟಳು. ಅಂದಿನಿಂದ ಮಧ್ಯಾಹ್ನದ ಲೆಕ್ಕಕ್ಕೆ ನಾಲ್ಕು ರೊಟ್ಟಿ ಕೂಡಿತು. ತಂಗಿಯ ಮಗ ಅದನ್ನು ‘ಭಾಕರಿ’ ಎಂದೇ ಕರೆಯುತ್ತಾನೆ, ಪುಣೆಯಲ್ಲಿ ತಿಂದು ರೂಢಿಯಿರುವುದರಿಂದ ಅವನಿಗೆ ಏನೂ ಹೇಳಿಕೊಡಬೇಕಾಗಲಿಲ್ಲ. ನನ್ನ ಗಂಡ ಹಾಸನದವರು, ಅಕ್ಕಿ ರೊಟ್ಟಿ ಮತ್ತು ರಾಗಿ ಮುದ್ದೆಯ ಪಕ್ಷ. ಹದಿನೈದು ವರ್ಷಗಳಿಂದ ನಮ್ಮ ಮನೆಯಲ್ಲಿ ಮರ್ಯಾದೆಗೆ ಎರಡು ರೊಟ್ಟಿ ತಿಂದು ಅನ್ನಕ್ಕೆ ಕಾಯುತ್ತಾರೆ. ಕೇಂದ್ರದ ರೊಟ್ಟಿಯೂ ಆ ಎಣಿಕೆಯನ್ನು ಬದಲಿಸಲಿಲ್ಲ. ಆಪೂಸ್ ಹಣ್ಣು ಇಳಿದ ಮೇಲಂತೂ ಕೆಲವು ದಿನ ರೊಟ್ಟಿಯೇ ಬೇಡವಾಯಿತು, ಸೀಕರಣೆ ಮಾಡಿದ ದಿನ ಎಲ್ಲರಿಗೂ ಚಪಾತಿಯೇ ಬೇಕು. ಅಂಥ ದಿನ ಹಿಂದಿನ ರಾತ್ರಿ ಹೇಳಿದರೆ ಕೇಂದ್ರದವರು ಲೆಕ್ಕವನ್ನು ಐದಕ್ಕೂ ಇಳಿಸುತ್ತಿದ್ದರು, ಅದಕ್ಕಾಗಿ ಮುಖ ಸಿಂಡರಿಸಲಿಲ್ಲ.

ಮನೆಯ ರೊಟ್ಟಿಗೆ ಇದು ಸಮವೇ ಎಂದರೆ, ಅಲ್ಲ. ಹಂಚಿನಿಂದ ತೆಗೆದ ರೊಟ್ಟಿ ತಟ್ಟೆಗೆ ಬೀಳುವಾಗ ಇನ್ನೂ ಉಬ್ಬಿಕೊಂಡೇ ಇರಬೇಕು. ಬೆರಳು ತಾಗಿದರೆ ಹಬೆ ಹೊರಬರಬೇಕು. ಆ ಸುಖದ ಆಯುಷ್ಯ ಹತ್ತು ನಿಮಿಷ, ಸೈಕಲ್ಲಿನ ಮೇಲೆ ಬರುವ ಯಾವ ರೊಟ್ಟಿಗೂ ಅದು ದಕ್ಕುವುದಿಲ್ಲ. ಇದನ್ನು ಬಲ್ಲ ಅತ್ತಿಗೆ, ಭಾನುವಾರ ಮಾತ್ರ ಕೊಂಡ ರೊಟ್ಟಿ ಮನೆಗೆ ಬರಕೂಡದು ಎಂದು ತಾನೇ ಕಟ್ಟಳೆ ಮಾಡಿದಳು. ಭಾನುವಾರ ಅವಳು ಬಡಿಯುತ್ತಾಳೆ, ಅಣ್ಣ ಹಂಚು ನೋಡಿಕೊಳ್ಳುತ್ತಾನೆ, ಇಬ್ಬಿಬ್ಬರಾಗಿ ಕುಳಿತು ಉಣ್ಣುತ್ತೇವೆ. ಅಣ್ಣ ಒಲೆಯ ಮುಂದೆ ನಿಂತದ್ದನ್ನು ನಾನು ನೋಡಿದ್ದು ಇದೇ ಮೊದಲು. ಮೊದಲ ಭಾನುವಾರ ನಾಲ್ಕು ರೊಟ್ಟಿ ಸುಟ್ಟ, ನಾಲ್ಕನೆಯ ಭಾನುವಾರದ ಹೊತ್ತಿಗೆ ಅವನ ಕೈಯಲ್ಲೂ ಉಬ್ಬತೊಡಗಿದವು.

ಉಳಿದ ಆರು ದಿನ ಮಧ್ಯಾಹ್ನ ಹನ್ನೊಂದರಿಂದ ಒಂದರವರೆಗಿನ ಹೊತ್ತು ಅತ್ತಿಗೆಯದಾಯಿತು. ಮೊದಲ ವಾರ ಅವಳಿಗೆ ಅದನ್ನು ಏನು ಮಾಡಬೇಕೆಂದೇ ತೋಚಲಿಲ್ಲ, ಡಬ್ಬಿಗಳನ್ನೆಲ್ಲ ಇಳಿಸಿ ತೊಳೆದಿಟ್ಟಳು. ಆಮೇಲೆ ನಮ್ಮ ಜೊತೆ ಹರಟೆಗೆ ಕುಳಿತಳು. ಸಂಜೆ ಸಾಧನಕೇರಿಯ ಕಡೆ ತಿರುಗಾಡಲು ಹೋಗುವಾಗ, ರಾತ್ರಿಯ ರೊಟ್ಟಿಯ ನೆಪ ಹೇಳಿ ಮನೆಯಲ್ಲಿ ಉಳಿಯುತ್ತಿದ್ದವಳು ಈ ಸಲ ಬಂದಳು. ಕೆರೆಯ ದಂಡೆಯಲ್ಲಿ ಕುಳಿತು ತನ್ನ ಕಾಲೇಜಿನ ದಿನಗಳ ಕಥೆ ಹೇಳಿದಳು. ಕರ್ನಾಟಕ ಕಾಲೇಜಿನಲ್ಲಿ ಓದುವಾಗ ಅವಳು ಖೋ ಖೋ ಆಡುತ್ತಿದ್ದಳಂತೆ. ಹದಿನೈದು ಬೇಸಿಗೆ ಅವಳ ಕೈಯ ರೊಟ್ಟಿ ತಿಂದ ನನಗೆ ಇದು ಗೊತ್ತಿರಲಿಲ್ಲ. ಮಣಿಕಟ್ಟಿನ ಬಟ್ಟೆಯನ್ನು ಎಂದು ಬಿಚ್ಚಿದಳೋ ಗಮನಿಸಲಿಲ್ಲ, ಮೇ ತಿಂಗಳಲ್ಲಿ ಅದು ಇರಲಿಲ್ಲ.

ಹೋಲಿಕೆಗಾಗಿ, ದೊಡ್ಡ ಅಂಗಡಿಯೊಂದರಿಂದ ಯಂತ್ರದಲ್ಲಿ ಒತ್ತಿದ ಖಡಕ್ ರೊಟ್ಟಿಯ ಪೊಟ್ಟಣವನ್ನೂ ತಂದು ನೋಡಿದೆವು. ಗುಂಡಗೆ, ಒಂದೇ ಅಳತೆಗೆ, ನಾಣ್ಯದಂತೆ ಇದ್ದವು. ಒತ್ತಿದ್ದರಿಂದ ಪದರ ಬಿಟ್ಟಿರಲಿಲ್ಲ. ಹಲ್ಲಿಗೆ ಹಲಗೆ ಕಡಿದಂತಾಯಿತು, ನಾಲಿಗೆಯ ಕೊನೆಗೆ ನಾನು ಹೇಳಿದ ಆ ಕಮಟೂ ತಾಗಿತು. ಎಲ್ಲ ಪೊಟ್ಟಣಗಳೂ ಹೀಗೆಯೇ ಎನ್ನಲಾರೆ. ಕಲಬುರಗಿಯಲ್ಲಿ ಜಿಲ್ಲಾಡಳಿತವೇ ಮಹಿಳಾ ಸಂಘಗಳ ಕೈರೊಟ್ಟಿಯನ್ನು ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿದೆ. ಅದು ಸಿಕ್ಕರೆ ತಿಂದು ನೋಡುವ ಆಸೆಯಿದೆ.

ಹಾಗಾದರೆ ಈ ಕೇಂದ್ರಕ್ಕೆ ಯಾರು ಹೋಗಬೇಕು? ಇಬ್ಬರು ಮೂವರಿರುವ ಮನೆಗೆ, ರೊಟ್ಟಿ ಬರುವ ಕೈಗೆ ಪುರುಸೊತ್ತಿದ್ದರೆ, ಇದರ ಅಗತ್ಯವಿಲ್ಲ. ನೆಂಟರು ಬಂದು ತಿಂಗಳು ಕೂರುವ ಮನೆಗೆ ಬೇಕೇ ಬೇಕು, ಹಣವನ್ನು ನೆಂಟರೇ ಕೊಡುವುದು ಇನ್ನೂ ಒಳ್ಳೆಯದು. ಮಧ್ಯಾಹ್ನಕ್ಕೆ ಬಿಸಿ ರೊಟ್ಟಿ ತನ್ನಿ, ರಾತ್ರಿಗೆ ತರಬೇಡಿ. ಬುಟ್ಟಿ, ಬಟ್ಟೆ ನಿಮ್ಮದೇ ಇರಲಿ. ಮದುವೆಯ ಮುಹೂರ್ತವಿರುವ ದಿನ ಅನ್ನದ ಪಾತ್ರೆಯನ್ನು ದೊಡ್ಡದಿಡಿ. ಬಿಸಿ ರೊಟ್ಟಿಗೆ ಐದರಲ್ಲಿ ಮೂರೂವರೆ ಕೊಡುತ್ತೇನೆ, ಖಡಕ್ ರೊಟ್ಟಿಗೆ ನಾಲ್ಕೂವರೆ. ಉಳಿದ ಅರ್ಧವನ್ನು ಆ ಒಂಬತ್ತರ ಕಟ್ಟುಗಳಿಗಾಗಿ ಹಿಡಿದಿಟ್ಟುಕೊಂಡಿದ್ದೇನೆ.

ಹೊರಡುವ ಹಿಂದಿನ ದಿನ ಬೆಂಗಳೂರಿಗೆಂದು ನೂರು ಖಡಕ್ ರೊಟ್ಟಿ ಕಟ್ಟಿಸಿದೆ. ಹತ್ತರ ಹತ್ತು ಕಟ್ಟನ್ನು ಪಡಸಾಲೆಯಲ್ಲಿ ಹರವಿಕೊಂಡು ಎಣಿಸುತ್ತಿದ್ದಾಗ ಅವ್ವ ಬಂದು ಎರಡು ಕಟ್ಟನ್ನು ತೆಗೆದು ತನ್ನ ಟ್ರಂಕಿನ ಮೇಲಿಟ್ಟುಕೊಂಡಳು; ಯಾಕೆಂದು ಕೇಳಿದರೆ, ನೀವು ಹೋದ ಮೇಲೆ ಸೊಸೆ ಮತ್ತೆ ದಿನವೂ ಬಡಿಯಲು ಕುಳಿತಾಳು ಎಂದಳು. ಉಳಿದ ಎಂಬತ್ತರಲ್ಲಿ ಬಸ್ಸಿನ ಕುಲುಕಾಟಕ್ಕೆ ಮುರಿದದ್ದು ಹನ್ನೊಂದು. ಜೂನ್ ತಿಂಗಳ ಬೆಂಗಳೂರಿನ ತಂಪು ಗಾಳಿಗೆ ಹದಿನೆಂಟನೆಯ ದಿನ ಕೊನೆಯ ಕಟ್ಟು ಮೆತ್ತಗಾಯಿತು. ಹಂಚನ್ನು ಸಣ್ಣ ಉರಿಯಲ್ಲಿಟ್ಟು ಒಂದೊಂದನ್ನೂ ಅರ್ಧ ನಿಮಿಷ ಕಾಯಿಸಿದೆ. ಮತ್ತೆ ಸದ್ದು ಮಾಡಿದವು.